ಹಾಜರಿ ಹಾಕಿದ ಭಾನುವಾರ

ಮೊನ್ನೆ ಕೃಷ್ಣರಾಜ ಮಾರುಕಟ್ಟೆಯಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಚೀಲದಿಂದ ನೋವಿನ ಮುಲಾಮು ತೆಗೆದು ಮೊಣಕಾಲಿಗೆ ತಿಕ್ಕಿಕೊಂಡರು. ಆ ಘಾಟಿಗೆ ನನ್ನ ಕಣ್ಣು ಉರಿಯಿತು. ಚಾಮರಾಜಪೇಟೆಯಲ್ಲಿ ಇಳಿಯಬೇಕಾದವಳು ಎರಡು ಸ್ಟಾಪು ಮುಂದೆ ಹೋಗಿಬಿಟ್ಟೆ... ನಮ್ಮ ಟೀಚರಮ್ಮನ ಸೆರಗಿಗೆ ಸದಾ ಇದೇ ವಾಸನೆ.

ಆಕೆ ಪ್ರೈಮರಿ ಶಾಲೆಯಿಂದ ನಿವೃತ್ತರಾಗಿ ನಮ್ಮ ಚರ್ಚಿನ ಭಾನುವಾರದ ತರಗತಿಗಳನ್ನು ನೋಡಿಕೊಳ್ಳುತ್ತಿದ್ದರು. ಮೂರು ತರಗತಿ. ಆರಾಧನೆ ಮುಗಿದ ಮೇಲೆ ಮೂರೂ ಹಾಜರಿ ಪುಸ್ತಕ ತರಿಸಿಕೊಂಡು, ಬಾರದವರ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಊಟವಾದ ಕೂಡಲೇ ಅವರವರ ಮನೆಗೆ ನಡೆದೇ ಹೊರಡುತ್ತಿದ್ದರು. ಮೊಣಕಾಲು ಸವೆದದ್ದು ಹಾಗೆ.

ಬೈಬಲಿನ ಹಳೆಯ ಒಡಂಬಡಿಕೆಯ ಒಬ್ಬ ಪ್ರವಾದಿ ಹೇಳಿದ ಕಥೆ ಆಕೆಗೆ ಅಚ್ಚುಮೆಚ್ಚು. ಕುರುಬರು ಕೊಬ್ಬಿದ ಕುರಿಯನ್ನು ಕೊಯ್ದು ತಿಂದು, ಉಣ್ಣೆ ಹೊದ್ದು, ತಪ್ಪಿಹೋದ ಕುರಿಯನ್ನು ಹುಡುಕದೆ ಕೂತರು. ಆಗ ತಾನೇ ಹುಡುಕಲು ಹೊರಡುತ್ತೇನೆ, ಮುರಿದ ಕಾಲಿಗೆ ಕಟ್ಟು ಕಟ್ಟುತ್ತೇನೆ ಎಂದ ದೇವರ ಕಥೆ.

"ಹುಡುಕ್ತೀನಿ ಅಂದ ಬಾಯಲ್ಲೇ ಕುರುಬರನ್ನ ವಿಚಾರಿಸ್ಕೊಳ್ತೀನಿ ಅಂತಾನೂ ಅಂದಿದಾನೆ. ನೀವು ಮೊದಲನೇದು ಮಾತ್ರ ಬಾಯಿಪಾಠ ಮಾಡ್ತೀರ," ಎನ್ನುತ್ತಿದ್ದರು.

ಯುವತಿಯರ ತರಗತಿಯ ಹಾಜರಿ ನನ್ನ ಪಾಲಿಗೆ ಬಂದಿತ್ತು. ಆಗ ನನಗೆ ಹತ್ತೊಂಬತ್ತು. ಹದಿನಾಲ್ಕು ಹೆಸರು, ಒಂದು ಚಿತ್ತು ಕಾಟೂ ಇಲ್ಲದ ಪುಟಗಳು. ಅದು ನನ್ನ ಹೆಮ್ಮೆ. ಹದಿಮೂರನೆಯ ಹೆಸರು ಸುಗುಣಳದು. ಕೊಳ್ಳೇಗಾಲದ ಕಡೆಯವಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ವಾಸ. ಒಂದು ಭಾನುವಾರವೂ ತಪ್ಪಿಸಿದವಳಲ್ಲ, ಒಂದು ಭಾನುವಾರವೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ.

"ದೇವರು ಮೊದಲನೇ ಕೀರ್ತನೆಗೇ ಬಂದು ಕೂತಿರ್ತಾನೆ ಕಣಮ್ಮ, ನೀನು ಮೂರನೇದಕ್ಕೆ ಬರ್ತೀಯ," ಎಂದು ಟೀಚರಮ್ಮ ಚುಚ್ಚಿದರೆ ಅವಳು ನಗುತ್ತಿದ್ದಳು. "ಅವನಿಗೇನು ಟೀಚರಮ್ಮ, ಎರಡು ಬಸ್ ಹತ್ತಬೇಕಾ?"

ಹೇಗೂ ಬರುತ್ತಾಳೆಂದು ನಾನು ಪ್ರಾರ್ಥನೆಗೆ ಮುಂಚೆಯೇ ಅವಳಿಗೂ ಹಾಜರಿ ಹಾಕಿಬಿಡುತ್ತಿದ್ದೆ.

ಆ ಭಾನುವಾರ ಅವಳು ಬರಲಿಲ್ಲ. ಗುರುತನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಪುಟ ಕೆಡುತ್ತದೆ ಅನ್ನಿಸಿತು. ಪುಸ್ತಕ ಮುಚ್ಚಿ ಕೊಟ್ಟೆ. ಟೀಚರಮ್ಮ ಬೇರೆ ಇಬ್ಬರ ಮನೆಗೆ ಹೋಗಿಬಂದರು. ಬುಧವಾರ ಸುಗುಣಳ ಕೋಣೆಯ ಬಾಗಿಲನ್ನು ಮನೆಯ ಓನರು ಒಡೆಸಬೇಕಾಯಿತು. ಶನಿವಾರ ಜ್ವರವೆಂದು ಕೆಲಸದಿಂದ ಬೇಗ ಹೊರಟಿದ್ದಳಂತೆ...

ಮಣ್ಣು ಮಾಡಿ ಬಂದ ಮೇಲೆ ಟೀಚರಮ್ಮ ಹಾಜರಿ ಪುಸ್ತಕ ತೆರೆದು ಆ ಗುರುತಿನ ಮೇಲೆ ಬೆರಳಿಟ್ಟರು.

"ಬಂದಿದ್ಲಾ?"

"ಇಲ್ಲ."

ಬೈಯಲಿಲ್ಲ. "ಅವರಮ್ಮನಿಗೆ ನೀನೇ ಹೇಳ್ಬೇಕು. ನಾನು ಜೊತೆಗೆ ಬರ್ತೀನಿ," ಎಂದರು.

ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ ಆ ತಾಯಿಗೆ ಎಲ್ಲವನ್ನೂ ಹೇಳಿದೆ. ಟೀಚರಮ್ಮ ನನ್ನ ಕೈ ಬಿಟ್ಟಿರಲಿಲ್ಲ. "ಬರೆದಿದ್ದು ಇವಳು. ಆದ್ರೆ ಹುಡುಕೋ ಕೆಲಸ ನಂದು. ನಾನು ಮುಖ ನೋಡ್ಲಿಲ್ಲ, ಪುಸ್ತಕ ನೋಡ್ದೆ. ನನ್ನನ್ನೂ ಕೇಳಮ್ಮ," ಎಂದರು.

ತಾಯಿ ಕೇಳಿದಳು. "ನೀವು ಹೋಗಿದ್ರೆ ಉಳೀತಿದ್ಲಾ?"

"ಗೊತ್ತಿಲ್ಲಮ್ಮ. ಒಂಟಿಯಾಗಿ ಇರ್ತಿರ್ಲಿಲ್ಲ."

ಆಗ ಆ ತಾಯಿ ನನ್ನನ್ನು ನೋಡಿದ ರೀತಿಯನ್ನು ಬರೆಯಲು ಮೂರು ಸಲ ಡೈರಿ ತೆರೆದಿದ್ದೇನೆ. ಆ ಮೂರು ದಿನಗಳ ಪುಟಗಳೂ ಖಾಲಿ ಇವೆ.

ಮುಂದಿನ ಭಾನುವಾರ ನಾನು ಚರ್ಚಿಗೆ ಹೋಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ಎರಡು ಮಹಡಿ ಹತ್ತಿದ ಏದುಸಿರಿನಲ್ಲಿ ಟೀಚರಮ್ಮ ನಿಂತಿದ್ದರು. ಕೈಯಲ್ಲಿನ ಚೀಟಿಯಲ್ಲಿ ಒಂದೇ ಹೆಸರಿತ್ತು, ನನ್ನದು.

"ಹಾಜರಿ ಪುಸ್ತಕ ಇನ್ನು ನಿನ್ ಕೈಗೆ ಕೊಡಲ್ಲ ಕಣೇ," ಎಂದರು. "ಆದ್ರೆ ನೀನು ಬರ್ಬೇಕು."

ನೀರು ಕುಡಿದು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದುಹೋದರು. ಕೊನೆಯವರೆಗೂ ಪುಸ್ತಕ ಕೊಡಲಿಲ್ಲ. ನಾನು ತಪ್ಪಿಸಿದ ಒಂದು ಭಾನುವಾರವೂ ಆಕೆ ನನ್ನ ಮನೆಗೆ ಬಾರದೆ ಇರಲಿಲ್ಲ.

ಆಕೆ ತೀರಿಕೊಂಡು ಎರಡು ವರ್ಷ. ಈಗ ಹಾಜರಿಯೆಲ್ಲ ಮೊಬೈಲ್ ಗ್ರೂಪಿನಲ್ಲಿ. ಬಾರದವರ ಹೆಸರಿನ ಮುಂದೆ ಕೈ ಮುಗಿದ ಚಿತ್ರ ಬೀಳುತ್ತದೆ. ಆಕೆ ಹೋದ ಮೇಲೆ ನಾನು ತಪ್ಪಿಸಿದ ಭಾನುವಾರಗಳು ಹನ್ನೊಂದು. ಯಾರೂ ಬಾಗಿಲು ತಟ್ಟಲಿಲ್ಲ. ನಾನು ಹೋದ ಭಾನುವಾರಗಳಲ್ಲಿ ಯಾರು ಯಾರು ಬಂದಿರಲಿಲ್ಲ ಎಂಬುದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ತಪ್ಪಿಲ್ಲದೆ... ಅವರಲ್ಲಿ ಒಬ್ಬರ ಮನೆಗೂ ನಾನು ಹೋಗಿಲ್ಲ.