ನಾನೂರು ಮೀಟರ್ ಮುಗಿಯುವ ಜಾಗ

2003ರ ಆಗಸ್ಟ್ ತಿಂಗಳು. ಸುದ್ದಗುಂಟೆಪಾಳ್ಯದಲ್ಲಿ ಅಮ್ಮ ಮತ್ತು ಅಣ್ಣನ ಜೊತೆ ವಾಸವಾಗಿದ್ದೆ. ಜಯನಗರದ ಮಹಿಳೆಯರ ಜಿಮ್ ಒಂದರಲ್ಲಿ ರಿಸೆಪ್ಷನಿಸ್ಟ್ ಕೆಲಸ. ಮಹಿಳಾ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿತ್ತು. ಉಳಿದಿದ್ದು ಓಟ. ನಾನೂರು ಮೀಟರ್ ದೂರವನ್ನು ಎರಡು ನಿಮಿಷದೊಳಗೆ ಓಡಬೇಕಿತ್ತು. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತಿದ್ದುದರಿಂದ ಇದೇ ಕೊನೆಯ ಅವಕಾಶ. ಸೋಲು ಸಹಿಸುವ ಗುಣವಂತೂ ನನ್ನದಲ್ಲ. ಚಿಕ್ಕಂದಿನಲ್ಲಿ ಚೌಕಾಬಾರದಲ್ಲಿ ಸೋತರೆ ಕವಡೆ ಎತ್ತಿ ಬಿಸಾಡುತ್ತಿದ್ದವಳು ನಾನು.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಜಿಮ್ ಖಾಲಿ. ಆ ಹೊತ್ತಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಕೊಳ್ಳಲು ನಮ್ಮ ಮೇಡಂ ಒಪ್ಪಿದ್ದರು. ವೇಗವನ್ನು ಗಂಟೆಗೆ ಹನ್ನೆರಡು ಕಿಲೋಮೀಟರಿಗೆ ಇಟ್ಟರೆ ಎರಡು ನಿಮಿಷಕ್ಕೆ ಸರಿಯಾಗಿ ನಾನೂರು ಮೀಟರ್. ಮೊದಲ ದಿನ ಒಂದೇ ನಿಮಿಷಕ್ಕೆ ಕಂಬಿ ಹಿಡಿದು ನಿಂತೆ. ಎರಡು ತಿಂಗಳಾಗುವಷ್ಟರಲ್ಲಿ ಪೂರ್ತಿ ಓಡಿ, ಕೆಳಗಿಳಿದು, ಫೋನ್ ಬಂದರೆ ಏದುಸಿರಿಲ್ಲದೆ "ನಮಸ್ಕಾರ, ಹೇಳಿ ಮೇಡಂ" ಎನ್ನುವಷ್ಟು ಪಳಗಿದೆ.

ಅಣ್ಣ ಆಟೊ ಓಡಿಸುತ್ತಿದ್ದ. ನನ್ನ ಸಾಧನೆ ಕೇಳಿ ಅವನು ಹುಬ್ಬೂ ಏರಿಸಲಿಲ್ಲ. "ಮೆಷಿನ್ ಮೇಲೆ ಬೆಲ್ಟೇ ಕಾಲನ್ನ ಎಳ್ಕೊಂಡ್ ಹೋಗುತ್ತೆ ಕಣೆ. ಅದು ಒಂದು ಓಟಾನಾ? ನೆಲದ ಮೇಲೆ ಓಡಿ ತೋರ್ಸು" ಅಂದ.

ಮಾರನೆಯ ಬೆಳಗ್ಗೆಯೇ ಅವನನ್ನು ಬಿಟಿಎಂ ಲೇಔಟಿನ ಒಂದು ಪಾರ್ಕಿಗೆ ಎಳೆದುಕೊಂಡು ಹೋದೆ. ಗೇಟಿನ ಪಕ್ಕದ ಹಸಿರು ಬೋರ್ಡಿನಲ್ಲಿ ‘ಒಂದು ಸುತ್ತು 400 ಮೀಟರ್’ ಎಂದು ಬರೆದಿತ್ತು. ಅಣ್ಣ ವಾಚ್ ಹಿಡಿದು ನಿಂತ. ಸುತ್ತು ಮುಗಿಸಿ ಬಂದಾಗ ಎರಡು ನಿಮಿಷ ಇಪ್ಪತ್ತೆಂಟು ಸೆಕೆಂಡ್ ಆಗಿತ್ತು.

ನನ್ನ ಹತ್ತಿರ ಕಾರಣಗಳಿಗೇನು ಬರವೇ? ತಿರುವು ಜಾಸ್ತಿ, ಕಲ್ಲು ಎದ್ದಿದೆ, ವಾಕಿಂಗ್ ಅಂಕಲ್‌ಗಳು ದಾರಿ ಬಿಡುವುದಿಲ್ಲ. ಒಂದು ಕಾರಣ ಮಾತ್ರ ನಿಜವಾಗಿತ್ತು. ಜಿಮ್ಮಿನಲ್ಲಿ ಬೆಲ್ಟ್ ಹನ್ನೆರಡಕ್ಕೆ ಬಂದ ಮೇಲೆ ನಾನು ಲೆಕ್ಕ ಶುರು ಮಾಡುತ್ತಿದ್ದೆ. ನಿಂತ ಜಾಗದಿಂದ ವೇಗ ಹಿಡಿಯುವುದನ್ನು ಮೆಷಿನ್ ನನಗೆ ಕಲಿಸಿರಲಿಲ್ಲ. ಎಲ್ಲವನ್ನೂ ಕೇಳಿದ ಅಣ್ಣ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಹೇಳಿ ಆಟೊ ಹತ್ತಿದ.

ಆ ಗಾದೆ ಮೂರು ವಾರ ನನ್ನ ಕಿವಿಯಲ್ಲೇ ಇತ್ತು. ದಿನಾ ಬೆಳಗ್ಗೆ ಪಾರ್ಕಿಗೆ ಹೋದೆ. ಎಷ್ಟೇ ಹಲ್ಲು ಕಚ್ಚಿ ಓಡಿದರೂ ಎರಡು ನಿಮಿಷ ಇಪ್ಪತ್ತು ಸೆಕೆಂಡಿಗಿಂತ ಕೆಳಗೆ ಇಳಿಯಲಿಲ್ಲ. ಅದೇ ಮಧ್ಯಾಹ್ನ ಟ್ರೆಡ್‌ಮಿಲ್ ಮೇಲೆ ಮಾತ್ರ ಎರಡು ನಿಮಿಷ ನೀರು ಕುಡಿದಷ್ಟು ಸಲೀಸು. ಒಂದು ದಿನ ತಾಳ್ಮೆ ಕೆಟ್ಟು ಮೇಡಂಗೆ, "ನಿಮ್ ಮೆಷಿನ್ ಸುಳ್ಳು ಹೇಳುತ್ತೆ" ಎಂದುಬಿಟ್ಟೆ. ಕೆಲಸ ಕೊಟ್ಟವರಿಗೆ ಆಡುವ ಮಾತೇ ಅದು? ಪಾಪ, ಅವರು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು ಒಳಗೆ ಹೋದರು.

ಪರೀಕ್ಷೆಗೆ ಆರು ದಿನ ಉಳಿದಿತ್ತು. ಅಂದು ಪಾರ್ಕಿನಲ್ಲಿ ಒಬ್ಬಳೇ ಓಡಿದೆ. ಮತ್ತೆ ಎರಡು ನಿಮಿಷ ಇಪ್ಪತ್ತು. ಕಲ್ಲುಬೆಂಚಿನ ಮೇಲೆ ಕುಳಿತೆ. ಅಷ್ಟು ಜನರ ಮುಂದೆ ಸೋಲುವುದಕ್ಕಿಂತ ಪರೀಕ್ಷೆಗೆ ಹೋಗದಿರುವುದೇ ವಾಸಿ ಎಂದು ತೀರ್ಮಾನಿಸಿದೆ. ತೀರ್ಮಾನಿಸಿದ ಕೂಡಲೇ ಅಳು ಬಂತು.

ರಾಜ್ಯೋತ್ಸವಕ್ಕೆಂದು ನಾನು ಓಡುವ ಸುತ್ತಿನ ದಾರಿಯುದ್ದಕ್ಕೂ ಬಿದಿರು ನೆಟ್ಟು ದೀಪದ ವೈರ್ ಕಟ್ಟುತ್ತಿದ್ದರು. ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಕೆಳಗಿಳಿದು ಬಂದರು. ಗದಗದ ಕಡೆಯವರು, ನಲವತ್ತರ ಆಸುಪಾಸು.

"ಯಾಕ್ರಿ ಅಕ್ಕಾರ, ಯಾಕ ಅಳಾಕತ್ತೀರಿ?"

ನಾನು ಮುಖ ಒರೆಸಿಕೊಂಡೆ. ಅವರೇ ಮುಂದುವರಿಸಿದರು. "ಅಳೂದಿದ್ರ ನಾ ಅಳಬೇಕ್ರಿ. ಬೋರ್ಡ್ ನಂಬಿ ನಾನೂರು ಮೀಟರ್ ಅಂತ ವೈರ್ ತಂದೆ, ಸಾಲಲಿಲ್ಲ. ಈಗ ಐದು ಬಂಡಲ್ ಕಟ್ಟೀನಿ. ಬಂಡಲ್ಲಿಗೆ ತೊಂಬತ್ತು ಮೀಟರ್, ನಾನೂರ ಐವತ್ತು ಆತಿಲ್ರಿ? ಇನ್ನಾ ಮೂವತ್ತು ಮೀಟರ್ ಕಮ್ಮಿ ಬಿದ್ದೈತಿ. ಪಾರ್ಕ್ ಕಮಿಟಿಯವ್ರು ನಾನ ವೈರ್ ಮಾರ್ಕೊಂಡೀನಿ ಅನ್ನಾಕತ್ತಾರ."

ನನ್ನ ಅಳು ನಿಂತೇಹೋಯಿತು. ನಾನೂರ ಐವತ್ತು, ಅದರ ಮೇಲೆ ಮೂವತ್ತು. ಹಾಗಾದರೆ ಮೂರು ವಾರದಿಂದ ನಾನು ಓಡುತ್ತಿದ್ದುದು ನಾನೂರ ಎಂಬತ್ತು ಮೀಟರ್! ನಗು ಬಂದುಬಿಟ್ಟಿತು. ತಮ್ಮ ಕಷ್ಟಕ್ಕೆ ನಗುತ್ತಿದ್ದೇನೆ ಎಂದುಕೊಂಡು ಅವರು ಮುಖ ಗಂಟಿಕ್ಕಿದರು. ನನ್ನ ಕಥೆಯನ್ನೆಲ್ಲ ಹೇಳಿದ ಮೇಲೆ, "ತಡೀರಿ, ಅಳದ ನೋಡೂಣು" ಎಂದು ಜೇಬಿನಿಂದ ಐದು ಮೀಟರ್ ಟೇಪ್ ತೆಗೆದರು.

ಗೇಟಿನಿಂದ ನಾಲ್ಕನೆಯ ಬಂಡಲ್ ಮುಗಿದ ಗಂಟಿನವರೆಗೆ ಮುನ್ನೂರ ಅರವತ್ತು ಮೀಟರ್. ಅಲ್ಲಿಂದ ಇಬ್ಬರೂ ಬಗ್ಗಿ ಎಂಟು ಸಲ ಟೇಪ್ ಹಿಡಿದೆವು. ನಾನೂರು ಮೀಟರ್ ನಾಗರಕಟ್ಟೆಯ ಮುಂದೆ ಮುಗಿಯಿತು. ಅವರು ಅಲ್ಲೊಂದು ಇಟ್ಟಿಗೆ ಇಟ್ಟು, ನನ್ನ ವಾಚ್ ಇಸಿದುಕೊಂಡರು. "ಹೋಗ್ರಿ ಗೇಟಿಗೆ. ಕೈ ಎತ್ತಿ ಓಡ್ರಿ."

ಆಗಲೇ ಒಮ್ಮೆ ಓಡಿದ್ದ ಕಾಲುಗಳು. ಆದರೂ ಓಡಿದೆ. ಇಟ್ಟಿಗೆ ದಾಟಿ ಕಟ್ಟೆ ಹಿಡಿದು ನಿಂತಾಗ ಅವರು ವಾಚನ್ನು ಎರಡೆರಡು ಸಲ ನೋಡಿದರು.

"ಒಂದು ನಿಮಿಷ ಐವತ್ತೆಂಟು ಸೆಕೆಂಡ್ರಿ ಅಕ್ಕಾರ. ಪಾಸ್."

ನಾಗಪ್ಪನ ಎದುರಲ್ಲೇ ದೊಪ್ಪೆಂದು ಕುಳಿತುಬಿಟ್ಟೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿತ್ತು.

ಅಷ್ಟರಲ್ಲಿ ಬಂದ ಕಮಿಟಿಯ ಹಿರಿಯರೊಬ್ಬರಿಗೆ ಇಬ್ಬರೂ ಸೇರಿ ಟೇಪ್ ತೋರಿಸಿದೆವು. ಅವರು ತಲೆ ಕೆರೆದುಕೊಂಡರು. "ಹೌದಲ್ವಾ, ಮೊದ್ಲು ದಾರಿ ಕಟ್ಟೆ ಮುಂದೆ ನೇರ ಹೋಗ್ತಿತ್ತು. ವಾಕಿಂಗ್ ಜೊತೆ ಪ್ರದಕ್ಷಿಣೇನೂ ಆಗ್ಲಿ ಅಂತ ನಾವೇ ಹಿಂದಿನಿಂದ ಬಳಸಿ ಹಾಕ್ಸಿದ್ವಿ. ಬೋರ್ಡ್ ಮರೆತೇಬಿಟ್ವಿ" ಎಂದರು. ಎಲೆಕ್ಟ್ರಿಷಿಯನ್ ಕೈ ಹಿಡಿದು, "ತಪ್ಪು ತಿಳ್ಕೋಬೇಡಪ್ಪ" ಎಂದೂ ಹೇಳಿದರು. ಎಲೆಕ್ಟ್ರಿಷಿಯನ್ ಮುಖದಲ್ಲೂ ಆಗ ನಿರಾಳ ಕಂಡಿತು.

ಆರು ದಿನಗಳ ನಂತರ ಪರೀಕ್ಷೆಯ ಮೈದಾನದಲ್ಲಿ ಒಂದು ನಿಮಿಷ ಐವತ್ತೈದು ಸೆಕೆಂಡಿಗೆ ಓಡಿ ಮುಗಿಸಿದೆ. ದಿನಾ ಎಂಬತ್ತು ಮೀಟರ್ ಹೆಚ್ಚು ಓಡಿದ್ದ ಕಾಲಿಗೆ ಆ ದೂರ ಬೇಗ ಮುಗಿದಂತೆನಿಸಿತು. ಮೇಡಂ ಬಳಿ ಕ್ಷಮೆ ಕೇಳಿದೆ. "ನನ್ ಮೆಷಿನ್‌ಗೂ ಒಂದು ಸಾರಿ ಹೇಳು" ಎಂದು ನಕ್ಕರು. ಹೇಳಿದೆ.

ಈಗಲೂ ಆ ಕಡೆ ಡ್ಯೂಟಿ ಬಿದ್ದರೆ ಆ ಕಟ್ಟೆಯ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ. ಮೂರು ವಾರ ನನ್ನ ಕಾಲನ್ನು ಬೈದೆ, ಮೆಷಿನನ್ನು ಬೈದೆ. ಆ ಹಸಿರು ಬೋರ್ಡಿನ ಮೇಲೆ ಮಾತ್ರ ಒಂದು ದಿನವೂ ಅನುಮಾನ ಬರಲಿಲ್ಲ. ಇಟ್ಟಿಗೆ ದಾಟಿ ಓಡಿದ ದಿನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಾಗ ಅಣ್ಣ ನನ್ನ ತಟ್ಟೆಗೆ ತನ್ನ ಪಾಲಿನ ದೋಸೆಯನ್ನೂ ಹಾಕಿ, "ನೆಲ ಡೊಂಕೇ ಇತ್ತು ಬಿಡೆ" ಅಂದ.