ಗಂಡಿನ ಊರಿನಲ್ಲಿ ನೈಟಿ ವ್ಯಾಪಾರ

ಗೂಢಚಾರರ ಕಾದಂಬರಿ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಓದದೆ ಬಂದ ಸಿಟ್ಟಲ್ಲ, ಓದಿ ಓದಿ ಬಂದದ್ದು. ಮಧುಗಿರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಮದುವೆ ಸೀಸನ್ ಮುಗಿದರೆ ಕೆಲಸ ಕಡಿಮೆ. ಆಗ ಲೈಬ್ರರಿಯಿಂದ ತಂದ ಪುಸ್ತಕವನ್ನು ಮಿಷಿನ್ನಿನ ಮೇಲೆಯೇ ಹರಡಿಕೊಂಡು ಓದುತ್ತೇನೆ. ಅದರಲ್ಲೂ ನನಗೆ ಇಷ್ಟವಾಗುವುದು ನಮ್ಮಂಥ ಸಾಮಾನ್ಯರು ಬೇಹುಗಾರಿಕೆಗೆ ಸಿಕ್ಕಿಕೊಳ್ಳುವ ಕಥೆಗಳು. ಒಬ್ಬ ಗಡಿಯಾರ ರಿಪೇರಿಯವನೋ, ಒಬ್ಬ ಟೈಪಿಸ್ಟ್ ಹೆಂಗಸೋ ಇರುತ್ತಾರೆ. ಯಾರೋ ಅಧಿಕಾರಿ ಬಂದು ದೇಶಕ್ಕಾಗಿ ಒಂದು ಕೆಲಸ ಆಗಬೇಕು ಅನ್ನುತ್ತಾನೆ. ಸುಳ್ಳು ಹೆಸರು, ಸುಳ್ಳು ಊರು, ಸುಳ್ಳು ಕಸುಬು ಕೊಟ್ಟು ಕಳಿಸುತ್ತಾರೆ. ಹೋದಲ್ಲೆಲ್ಲ ಜನ ಅದನ್ನು ನಂಬುತ್ತಾರೆ. ಹಾಗೆ ನಂಬುವ ಜನ ಯಾವ ದೇಶದಲ್ಲಿದ್ದಾರೋ ನನಗೆ ಗೊತ್ತಿಲ್ಲ. ಶಿರಾ ತಾಲ್ಲೂಕಿನಲ್ಲಂತೂ ಇಲ್ಲ.

ನಮ್ಮ ಕಡೆ ಬೇಹುಗಾರಿಕೆ ನಡೆಯುವುದು ದೇಶಕ್ಕಲ್ಲ, ಮದುವೆಗೆ. ಜಾತಕ ಕೂಡಿ, ಫೋಟೋ ಒಪ್ಪಿಗೆಯಾದ ಮೇಲೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು, ಮನೆಯವರಲ್ಲಿ ಒಬ್ಬರು ಗುಟ್ಟಾಗಿ ಗಂಡಿನ ಊರಿಗೆ ಹೋಗಿ ವಿಚಾರಿಸಿಕೊಂಡು ಬರಬೇಕು. ಹುಣಸೆಹಣ್ಣು ಕೊಳ್ಳುವವರ ಹಾಗೆ ಹೋಗುತ್ತಾರೆ, ಮೇಕೆ ವ್ಯಾಪಾರದವರ ಹಾಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಈ ಕೆಲಸ ಅಮ್ಮನ ಅಣ್ಣನದು, ಅಂದರೆ ನಮ್ಮ ಸೋದರಮಾವನದು. ಮಾವ ನೇರವಾಗಿ ಟೀ ಅಂಗಡಿಗೆ ಹೋಗಿ, ಹುಡುಗನ ಜೊತೆಗಾರರನ್ನೇ ಹುಡುಗ ಹೇಗೆ ಅಂತ ಕೇಳಿ, ಅಪರಂಜಿ ಚಿನ್ನ ಅಂತ ಅವರಿಂದ ಕೇಳಿಸಿಕೊಂಡು, ಬೋಂಡಾ ತಿಂದು ಬರುತ್ತಾರೆ. ಹೀಗೆ ವಿಚಾರಿಸಿ ಮಾಡಿದ ಒಂದು ಮದುವೆ ನಮ್ಮ ನೆಂಟರಲ್ಲೇ ಈಗ ಕೋರ್ಟಿನಲ್ಲಿದೆ.

ಆದ್ದರಿಂದ ನನ್ನ ತಂಗಿಯ ಸರದಿ ಬಂದಾಗ ನಾನೇ ಹೋಗುತ್ತೇನೆ ಎಂದೆ. ಗಂಡು ಶಿರಾ ತಾಲ್ಲೂಕಿನ ಗೌಡಗೆರೆಯಿಂದಾಚೆ ಒಂದು ಹಳ್ಳಿಯವನು. ಪಾವಗಡದ ಕಡೆ ಸೋಲಾರ್ ಕೆಲಸದಲ್ಲಿದ್ದ. ತಂಗಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳು ಕೇಳಿದ್ದು ಒಂದೇ. "ಅಕ್ಕ, ಕಪ್ಪಗಿರ್ಲಿ, ಕುಳ್ಳಗಿರ್ಲಿ. ಕುಡಿಯೋನು ಮಾತ್ರ ಬೇಡ."

ನಮ್ಮಪ್ಪ ಕುಡಿದೇ ಸತ್ತವರು. ನಾನು ಬೇಗ ಮದುವೆಯಾಗಿ ಪಕ್ಕದ ಬೀದಿಗೆ ಹೋಗಿಬಿಟ್ಟೆ. ಕಡೆಯ ವರ್ಷಗಳನ್ನು ಪೂರ್ತಿ ಉಂಡವಳು ತಂಗಿ. ಸ್ಕೂಲು ಬಿಟ್ಟ ಮೇಲೆ ಬ್ರಾಂದಿ ಅಂಗಡಿ ಮುಂದೆ ನಿಂತು ಅಪ್ಪನನ್ನು ಕರೆದುಕೊಂಡು ಬರುವುದು ಅವಳ ಕೆಲಸವಾಗಿತ್ತು. ಅಪ್ಪ ಮುಂದೆ ತೂರಾಡುತ್ತಿದ್ದರು, ಅವರ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಇವಳು ಹಿಂದೆ. ಆ ದೃಶ್ಯ ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಆ ಹುಡುಗಿಗೆ ಅಂಥದ್ದೇ ಇನ್ನೊಂದು ಗಂಟುಬೀಳಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಪುಸ್ತಕ ಓದಿದ ಬುದ್ಧಿ ಸುಮ್ಮನಿರುತ್ತದೆಯೇ? ಸುಳ್ಳು ಕಥೆಯೊಂದನ್ನು ಚೆನ್ನಾಗಿ ಹೊಲಿದುಕೊಂಡೆ. ನಾನು ಕೊರಟಗೆರೆಯವಳು, ಊರೂರಿಗೆ ಹೋಗಿ ನೈಟಿ ಮಾರುವವಳು. ನೈಟಿ ಮಾರುವವಳನ್ನು ಹೆಂಗಸರು ಜಗಲಿಗೆ ಕರೆಯುತ್ತಾರೆ, ಒಳಗಿನ ಮಾತು ಆಡುತ್ತಾರೆ ಎನ್ನುವುದು ನನ್ನ ಲೆಕ್ಕ. ನಾನೇ ಹೊಲಿದಿದ್ದ ಒಂದಿಷ್ಟು ನೈಟಿಗಳನ್ನು ಗಂಟು ಕಟ್ಟಿಕೊಂಡು ಶಿರಾಗೆ ಹೋಗಿ, ಅಲ್ಲಿಂದ ಗೌಡಗೆರೆ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತು ನನ್ನ ಹೊಸ ಹೆಸರನ್ನು ಮನಸ್ಸಿನಲ್ಲೇ ಉರು ಹೊಡೆದೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯಾಗಿಯೂ ಇತ್ತು.

ಆ ಹೆಸರನ್ನು ಯಾರೂ ಕೇಳಲೇ ಇಲ್ಲ. ನಮ್ಮ ಕಡೆ ಹೆಸರು ಯಾರಿಗೆ ಬೇಕು?

ಹಳ್ಳಿಯ ಮೊದಲ ಜಗಲಿಯಲ್ಲಿ ಒಂದಷ್ಟು ಹೆಂಗಸರು ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಗಂಟು ಬಿಚ್ಚಿದೆ. ಅವರಲ್ಲಿ ಹಿರಿಯಳಾದ ಒಬ್ಬ ಅಜ್ಜಿ ನೈಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಯಾವೂರಮ್ಮ?"

"ಕೊರಟಗೆರೆ ಅಜ್ಜಿ."

"ಕೊರಟಗೆರೇಲಿ ಎಲ್ಲಿ? ನನ್ನ ಮೊಮ್ಮಗ್ಳನ್ನ ಅಲ್ಲಿಗೇ ಕೊಟ್ಟಿರಾದು."

ಬಸ್ ಸ್ಟ್ಯಾಂಡ್ ಹಿಂದೆ ಎಂದೆ. ಬಸ್ ಸ್ಟ್ಯಾಂಡ್ ಹಿಂದೆ ಯಾರ ಮನೆ ಪಕ್ಕ ಎಂದಳು. ಬಾಡಿಗೆಗೆ ಇದ್ದೇವೆ ಎಂದೆ. ಹಾಗಾದರೆ ಹುಟ್ಟಿದ್ದು ಎಲ್ಲಿ, ಅಪ್ಪ ಯಾರ ಪೈಕಿ, ತಾಯಿಯ ತವರು ಯಾವುದು ಎಂದಳು. ಶತ್ರು ದೇಶದವರ ಕೈಗೆ ಸಿಕ್ಕಿಬಿದ್ದ ಗೂಢಚಾರನನ್ನೂ ಯಾರೂ ತಾಯಿಯ ತವರು ಕೇಳಿರಲಾರರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಿಜವಾದ ಊರು. ಅಜ್ಜಿ ಕಡಲೆಕಾಯಿ ಸಿಪ್ಪೆಯನ್ನು ಪಕ್ಕಕ್ಕೆ ಎಸೆದು ನಕ್ಕಳು.

"ಗಂಡು ಇಚಾರ್ಸಕ್ಕೆ ಬಂದಿದ್ದೀಯ ಅನ್ನು. ಅಂಗಂತ ಮೊದ್ಲೇ ಹೇಳಾಕೇನು? ಹಿಂದ್ಲ ತಿಂಗ್ಳು ಒಬ್ಬ ಮ್ಯಾಕೆ ಯಾಪಾರ ಅಂತ ಬಂದಿದ್ದ. ಮ್ಯಾಕೆ ಹಲ್ಲು ನೋಡಾದು ಬುಟ್ಟು ಹುಡುಗನ ಸಂಬಳ ಕೇಳ್ತಾನೆ! ಕೂತ್ಕ, ನೀರು ಕುಡಿ."

ಸಿಕ್ಕಿಬಿದ್ದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಗುಟ್ಟು ರಟ್ಟಾಯಿತಲ್ಲ, ಇನ್ನು ನೇರವಾಗಿ ಕೇಳಬಹುದು ಅಂದುಕೊಂಡು, ಯಾವ ಮನೆಯ ಗಂಡು ಅಂತ ಹೇಳಿದೆ. ಅಲ್ಲೇ ನಾನು ಎಡವಿದ್ದು. ಅವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಮನೆ ಹೊಸ ಮನೆ, ಆರ್‌ಸಿಸಿ. ಬೋರಿನಲ್ಲಿ ನೀರು ಇದೆ, ಬೇಸಿಗೆಯಲ್ಲೂ ನಿಂತಿಲ್ಲ. ಎರಡು ಸೀಮೆಹಸು. ಅತ್ತೆಯಂತೂ ದೇವತೆ, ಬರುವ ಸೊಸೆಯನ್ನು ಮಗಳ ಹಾಗೆ ನೋಡಿಕೊಳ್ಳುತ್ತಾಳೆ.

"ಹುಡುಗ?" ಎಂದೆ.

"ಅಯ್ಯೋ, ಬಂಗಾರದಂಥಾ ಮನೆ ಕಣಮ್ಮ."

"ಮನೆ ಅಲ್ಲ, ಹುಡುಗ. ಕುಡೀತಾನಾ?"

ಕಡಲೆಕಾಯಿ ಸುಲಿಯುವ ಕೈಗಳು ಚುರುಕಾದವು. ಒಬ್ಬಳು ನೈಟಿಯ ಬಣ್ಣ ಹೋಗುತ್ತದಾ ಎಂದು ಕೇಳಿದಳು. ಇನ್ನೊಬ್ಬಳು ಮಗು ಅಳುತ್ತಿದೆ ಅಂತ ಎದ್ದುಹೋದಳು, ನನಗಂತೂ ಯಾವ ಮಗುವಿನ ಅಳುವೂ ಕೇಳಿಸಲಿಲ್ಲ. ನಾನು ಬಿಡಲಿಲ್ಲ. ಅಜ್ಜಿಯ ಪಕ್ಕಕ್ಕೆ ಸರಿದು, ನಮ್ಮಪ್ಪನ ಕಥೆಯನ್ನು ಹೇಳಿದೆ, ತಂಗಿ ಹೇಳಿ ಕಳಿಸಿದ್ದನ್ನು ಹೇಳಿದೆ. ಹೌದು ಅಥವಾ ಇಲ್ಲ, ಒಂದು ಮಾತು ಸಾಕು ಎಂದು ಕೈ ಹಿಡಿದುಕೊಂಡೆ.

ಅಜ್ಜಿ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ನೋಡಮ್ಮ, ಸಾವಿರ ಸುಳ್ಳೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಸುಳ್ಳು ಹೇಳಕ್ಕಿಲ್ಲ. ಮದ್ವೆ ಮುರಿಯೋ ಮಾತೂ ಆಡಕ್ಕಿಲ್ಲ. ಈ ವಯಸ್ನಾಗೆ ಆ ಪಾಪ ನಂಗ್ಯಾಕೆ?"

ಆ ಗಾದೆ ಮಾಡಿದವರು ಯಾರೋ, ನನ್ನ ಕೈಗೆ ಸಿಕ್ಕಿದ್ದರೆ ಚೆನ್ನಾಗಿತ್ತು. ಮದುವೆ ಮಾಡಿಸಿದ ಪುಣ್ಯ ಸುಳ್ಳು ಹೇಳಿದವರಿಗೆ, ಬಾಳುವ ಕರ್ಮ ಹೆಣ್ಣಿಗೆ. ಮದುವೆ ಮುರಿದರೆ ಪಾಪವಂತೆ, ಆಮೇಲೆ ಆ ಹೆಣ್ಣು ಮುರಿದುಹೋದರೆ ಅದು ಹಣೆಬರಹ. ಹೀಗೆಲ್ಲ ಜಗಲಿಯ ಮೇಲೆ ಕೂಗಾಡಬೇಕು ಅನ್ನಿಸಿತು. ಕೂಗಾಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಗಂಡಿನ ತಾಯಿಯೇ ಅಲ್ಲಿಗೆ ಬಂದರು. ಮಗು ಅಳುತ್ತಿದೆ ಅಂತ ಎದ್ದುಹೋದವಳು ಅವರಿಗೆ ಸುದ್ದಿ ಮುಟ್ಟಿಸಿದ್ದಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ನೈಟಿಗಳನ್ನು ತಿರುವಿ ನೋಡಿ, ಒಂದು ನೀಲಿಯದನ್ನು ಕೊಂಡರು. ಆಮೇಲೆ ನನ್ನ ಗಂಟನ್ನು ತಾವೇ ಎತ್ತಿಕೊಂಡು, "ಬಿಸ್ಲಾಗೆ ಬಂದಿದ್ದೀಯ, ಉಂಡ್ಕೊಂಡು ಹೋಗು ಬಾ" ಎಂದು ಮನೆಗೆ ಕರೆದೊಯ್ದರು. ಮುದ್ದೆ, ಹುರುಳಿಕಾಳು ಸಾರು. ಬೇಡವೆಂದರೂ ತುಪ್ಪ ಹಾಕಿದರು. ಮಗ ಡ್ಯೂಟಿಗೆ ಹೋಗಿದ್ದಾನೆ ಎಂದರು. ಅವರ ಮಾತು, ನಡೆ, ಬಡಿಸುವ ಕೈ, ಎಲ್ಲ ನನಗೆ ಇಷ್ಟವಾಯಿತು. ಅದಕ್ಕೇ ಇನ್ನಷ್ಟು ರೇಗಿತು. ಕೆಟ್ಟ ಹೆಂಗಸಾಗಿದ್ದರೆ ಕೆಲಸ ಎಷ್ಟು ಸುಲಭವಿತ್ತು! ಆ ಮನೆಯ ಉಪ್ಪು ತಿಂದು, ನಿಮ್ಮ ಮಗ ಕುಡಿಯುತ್ತಾನಾ ಎಂದು ಕೇಳಲು ನನ್ನ ಬಾಯಿ ಏಳಲಿಲ್ಲ. ಬಸ್ಸಿನವರೆಗೂ ಬಂದು ಹತ್ತಿಸಿ, ಮಡಿಲಿಗೆ ಒಂದಿಷ್ಟು ಹಸಿ ಕಡಲೆಕಾಯಿ ಹಾಕಿ ಕಳಿಸಿದರು.

ಮನೆಗೆ ಬಂದು ವರದಿ ಒಪ್ಪಿಸಿದೆ. ಅಮ್ಮ, ತಂಗಿ, ಮಾವ ಎಲ್ಲರೂ ಇದ್ದರು.

"ಕುಡೀತಾನೆ ಅಂತ ಯಾರಾದ್ರೂ ಹೇಳಿದ್ರಾ?" ಎಂದರು ಮಾವ.

"ಇಲ್ಲ. ಕುಡಿಯೋದಿಲ್ಲ ಅಂತಾನೂ ಯಾರೂ ಹೇಳ್ಲಿಲ್ಲ ಮಾವ. ಬೋರನ್ನ ಹೊಗಳಿದ್ರು, ಹಸೂನ ಹೊಗಳಿದ್ರು. ಹುಡುಗನ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಆಡ್ಲಿಲ್ಲ."

"ಕೆಟ್ಟ ಮಾತು ಆಡ್ಲಿಲ್ವಲ್ಲ, ಮುಗೀತು ಬುಡು. ಊರೇ ಒಪ್ಕೊಂಡಂಗಾಯ್ತು."

ಅದು ಒಪ್ಪಿಗೆಯಲ್ಲ, ಅದೇ ಉತ್ತರ ಎಂದು ನಾನು ಬಡಕೊಂಡೆ. ಸಾಕ್ಷಿ ಎಲ್ಲಿ ಎಂದರು ಮಾವ. ಕಾದಂಬರಿಗಳಲ್ಲೂ ಹೀಗೇ, ಪ್ರಾಣ ಒತ್ತೆಯಿಟ್ಟು ಸುದ್ದಿ ತಂದವನ ಮಾತನ್ನು ಮೇಲಿನವರು ನಂಬುವುದಿಲ್ಲ. ಓದುವಾಗ ಅದೆಂಥ ದಡ್ಡರು ಅನ್ನಿಸುತ್ತಿತ್ತು. ನಮ್ಮ ಮನೆಯಲ್ಲೇ ಇದ್ದಾರೆ ಅಂತ ಗೊತ್ತಿರಲಿಲ್ಲ. "ನೀನು ಆ ಪುಸ್ತಕ ಓದಾದು ಮೊದ್ಲು ನಿಲ್ಸು, ಎಲ್ಲಾರೂ ಕಳ್ಳರಂಗೇ ಕಾಣ್ತಾರೆ ನಿಂಗೆ" ಎಂದು ಮಾವ ಎದ್ದರು. ಅಮ್ಮ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು. "ಅತ್ತೆ ಒಳ್ಳೇವ್ಳಾ?"

"ತುಂಬಾ ಒಳ್ಳೇವ್ರು" ಎಂದೆ. ಅದು ನಿಜವಾಗಿತ್ತು, ಹೇಳದೆ ಇನ್ನೇನು ಮಾಡಲಿ?

"ಸರಿ, ಬರೋ ಭಾನ್ವಾರ ಬರಕ್ಕೆ ಹೇಳಣ್ಣ" ಎಂದರು ಅಮ್ಮ.

ಆ ವಾರವೆಲ್ಲ ನನಗೆ ಸೂಜಿಗೆ ದಾರ ಪೋಣಿಸಲೂ ತಾಳ್ಮೆಯಿರಲಿಲ್ಲ. ತಂಗಿ ಅಂಗಡಿಗೆ ಬಂದು ಸುಮ್ಮನೆ ಕೂರುತ್ತಿದ್ದಳು. ನಾನು ಅಮ್ಮನನ್ನು ಬೈಯುತ್ತಿದ್ದೆ, ಮಾವನನ್ನು ಬೈಯುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡ ಆ ಇಡೀ ಜಗಲಿಯನ್ನು ಬೈಯುತ್ತಿದ್ದೆ.

ಭಾನುವಾರ ಅವರು ಬಂದರು. ಹುಡುಗ ನೋಡಲು ಲಕ್ಷಣವಾಗಿದ್ದ, ತಲೆ ಬಗ್ಗಿಸಿಕೊಂಡು ಚಾಪೆಯ ಅಂಚನ್ನು ಕೀಳುತ್ತಾ ಕೂತಿದ್ದ. ಅವನ ತಾಯಿ ನನ್ನನ್ನು ಕಂಡು, ನೈಟಿ ತುಂಬಾ ಹಿತವಾಗಿದೆ ಎಂದು ಸಣ್ಣಗೆ ನಕ್ಕರು. ನಾನು ನಾಚಿಕೆಯಿಂದ ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಹಿಂದೆ ನಿಂತುಕೊಂಡೆ. ತಂಗಿ ಕಾಫಿ ಕೊಟ್ಟಳು. ಮಾವ ಗಂಟಲು ಸರಿಮಾಡಿಕೊಂಡು, ಹುಡುಗಿಯನ್ನು ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ಅವರ ಕಡೆಯವರು ನಮ್ಮದೇನೂ ಇಲ್ಲ ಎಂದರು.

"ನಂದೊಂದಿದೆ" ಎಂದಳು ತಂಗಿ.

ಅವಳು ಹುಡುಗನ ಕಡೆ ತಿರುಗಲಿಲ್ಲ. ಅವನ ತಾಯಿಯ ಎದುರಿಗೆ ಹೋಗಿ, ತಟ್ಟೆಯನ್ನು ಕೆಳಗಿಟ್ಟು ಕೂತುಕೊಂಡಳು. "ಅಮ್ಮಾ, ನಿಮ್ಮ ಮಗ ಕುಡೀತಾರಾ?"

ಮಾವ ಕೆಮ್ಮಿದರು. ಯಾರೋ ಲೋಟ ಇಟ್ಟ ಸದ್ದಾಯಿತು. ಹುಡುಗನ ಕೈ ಚಾಪೆಯ ಮೇಲೆ ನಿಂತುಹೋಯಿತು. ಆಕೆ ಸುಳ್ಳು ಹೇಳಬಹುದಿತ್ತು. ಒಂದು ಮಾತು ಇಲ್ಲ ಎಂದಿದ್ದರೆ ತಾಂಬೂಲ ಬದಲಾಗುತ್ತಿತ್ತು. ಆಕೆ ನನ್ನ ತಂಗಿಯ ಮುಖವನ್ನೇ ನೋಡಿದರು, ಕೈ ಚಾಚಿ ಅವಳ ಗಲ್ಲ ಮುಟ್ಟಿದರು.

"ಮದ್ವೆ ಅಂತ ಒಂದಾದ್ರೆ ಸರಿಹೋಗ್ತಾನೆ ಕಣಮ್ಮ. ನಿನ್ನಂತೋಳು ಮನೆಗೆ ಬಂದ್ರೆ ಬುಟ್ಟೇ ಬುಡ್ತಾನೆ."

ಎಷ್ಟು ಪ್ರೀತಿಯಿಂದ ಹೇಳಿದರು ಅಂದರೆ, ಅವರಿಗಾಗಿಯೇ ನನಗೆ ದುಃಖವಾಯಿತು. ನಾನು ವೇಷ ಹಾಕಿ, ಬಸ್ಸು ಬದಲಿಸಿ, ಊರೆಲ್ಲ ಗೋಗರೆದರೂ ಸಿಗದ ಮಾತು ಅದು. ತಂಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಮುಂದೆ ನಿಂತಿದ್ದ ಅಮ್ಮ ನಡುಮನೆಗೆ ಹೋದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ವಿಧವೆ ಮುಂದೆ ಬರಬಾರದು ಅಂತ ಮಾವ ಬೆಳಿಗ್ಗೆಯೇ ಹೇಳಿಟ್ಟಿದ್ದರು.

"ನಮ್ಮತ್ತೇನೂ ಇದೇ ಮಾತು ಹೇಳಿದ್ರು ಅಕ್ಕಾ" ಎಂದರು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರೂ ನಿಮ್ಮಂಗೇ ಒಳ್ಳೇವ್ರು. ಸಾಯಾಗಂಟ ನನ್ನ ಕಂಡ್ರೆ ತಲೆ ತಗ್ಗಿಸ್ತಿದ್ರು. ನಿಮ್ಗೆ ಅಂಥಾದ್ದು ಬ್ಯಾಡ. ಕಾಫಿ ಕುಡೀರಿ, ಆರೋಗುತ್ತೆ."

ಅವರು ಕಾಫಿ ಮುಗಿಸಿ ಹೊರಟರು. ಮಾವ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೋದವರು ನಮ್ಮ ಮನೆಗೆ ಮತ್ತೆ ಬಂದಿಲ್ಲ. ನಾನು ಅಡುಗೆಮನೆಗೆ ಹೋದೆ. ಅಮ್ಮ ಲೋಟ ತೊಳೆಯುತ್ತಿದ್ದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಎಲ್ಲ ಗೊತ್ತಿದ್ದೂ ಇಲ್ಲಿಯವರೆಗೆ ಯಾಕೆ ತಂದೆ, ನಾನು ಬಡಕೊಂಡಾಗ ನಿನ್ನ ಕಿವಿ ಎಲ್ಲಿತ್ತು ಎಂದು ಕೂಗಿದೆ.

ಅಮ್ಮ ತಿರುಗಿ ನೋಡಲಿಲ್ಲ.

"ಅತ್ತೆ ಒಳ್ಳೇವ್ಳು ಅಂದ್ಯಲ್ಲ. ನಾನು ಅಷ್ಟರಾಗೇ ಬದುಕ್ದೆ. ಇವ್ಳೂ ಬದುಕ್ತಾಳೆ ಅನ್ಕೊಂಡೆ."