ರೆಪ್ಪೆಯಿಲ್ಲದವನ ಆಕಳಿಕೆ

ನನಗೀಗ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರದೇ ಕಾರು ಹತ್ತುವ ಮೊದಲು ಅವರ ಕಣ್ಣುರೆಪ್ಪೆ ನೋಡುತ್ತೇನೆ. ಕ್ಷೇಮಸಮಾಚಾರ ಆಮೇಲೆ. ರೆಪ್ಪೆ ಕೊಂಚ ಭಾರವಾಗಿ ಕಂಡರೂ ಸಾಕು, ‘ನಾನು ನಡೆದೇ ಬರ್ತೀನಿ’ ಅಂದುಬಿಡುತ್ತೇನೆ. ನಾವಿರುವ ಈ ಪರದೇಶದ ಊರು ಹ್ಯಾಮಿಲ್ಟನ್‌ನಲ್ಲಿ ಹಾಗೆ ಅಂದರೆ ಕಾರು ಕೆಟ್ಟಿದೆ ಎಂದುಕೊಳ್ಳುತ್ತಾರೆ, ಇಲ್ಲವೇ ತಲೆ.

ಇದಕ್ಕೆ ಇಬ್ಬರು ಹೊಣೆ. ಒಬ್ಬಳು ಗೆಳತಿ ನಸೀಮಾ, ಧಾರವಾಡದವಳು, ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬ, ಇಲ್ಲಿನ ರೊಟೊಟೂನ ಬಡಾವಣೆಯ ನಮ್ಮ ಮನೆಯ ಸೋಫಾದ ಎದುರಿನ ಗೋಡೆಯಲ್ಲಿ ತೂಗುವ ಗಡ್ಡದ ಸಂನ್ಯಾಸಿ.

ಅವನನ್ನು ಹಳೇ ಸಾಮಾನಿನ ಅಂಗಡಿಯಿಂದ ತಂದೆ. ಮರದ ಅಚ್ಚಿನಲ್ಲಿ ಒತ್ತಿದ ಜಪಾನಿ ಚಿತ್ರದ ನಕಲು. ಬೌದ್ಧ ಗುರು ಬೋಧಿಧರ್ಮ; ಜಪಾನಿಗಳ ಬಾಯಲ್ಲಿ ದರುಮ. ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದವನು ಎನ್ನುತ್ತಾರೆ, ಅಂದರೆ ಪರದೇಶಕ್ಕೆ ಹೊರಟ ನಮಗೆಲ್ಲ ಹಿರಿಯಣ್ಣ. ಒಂಬತ್ತು ವರ್ಷ ಗೋಡೆಗೆ ಮುಖ ಮಾಡಿ ಕೂತನಂತೆ. ನಡುವೆ ಒಮ್ಮೆ ತೂಕಡಿಕೆ ಬಂತೆಂದು ಸಿಟ್ಟಾಗಿ ತನ್ನ ರೆಪ್ಪೆಗಳನ್ನೇ ಕತ್ತರಿಸಿ ಎಸೆದನಂತೆ. ಅವು ಬಿದ್ದಲ್ಲಿ ಚಹಾ ಗಿಡ ಹುಟ್ಟಿತಂತೆ.

ಇಂಥ ಕಥೆ ನಮ್ಮ ಕೈಗೆ ಸಿಕ್ಕಿದ್ದರೆ ಒಂದು ಗುಡಿ, ಎರಡು ಟ್ರಸ್ಟು, ಮೂರು ವ್ಯಾಜ್ಯ ಆಗುತ್ತಿದ್ದವು. ಜಪಾನಿನ ಚಿತ್ರಗಾರರು ನಕ್ಕರು. ಗುರುವಿಗೆ ವೇಶ್ಯೆಯ ರೇಷ್ಮೆ ನಿಲುವಂಗಿ ತೊಡಿಸಿದರು. ಕನ್ನಡಿ ಕೊಟ್ಟು ಗಡ್ಡದ ಕೂದಲು ಕೀಳಲು ಕೂರಿಸಿದರು. ಕೂತು ಕೂತು ಕಾಲು ಸವೆದವನೆಂದು, ತಳ್ಳಿದರೂ ಎದ್ದು ಕೂರುವ ಗೊಂಬೆ ಮಾಡಿ ಮಕ್ಕಳಿಗೆ ಕೊಟ್ಟರು. ನನ್ನ ಗೋಡೆಯವನಂತೂ ಗುಹೆಯಷ್ಟು ಬಾಯಿ ತೆರೆದು ಆಕಳಿಸುತ್ತಿದ್ದಾನೆ. ಆಕಳಿಸುವಾಗ ನಮ್ಮ ಕಣ್ಣು ತಾನಾಗಿ ಮುಚ್ಚುತ್ತದೆ. ಪಾಪ, ಅವನಿಗೆ ಮುಚ್ಚಲು ರೆಪ್ಪೆಯೇ ಇಲ್ಲ.

ಕಾರಿನಲ್ಲಿ ಒಂದು ಗಂಟೆ ದೂರದ ಪಾಪಕುರಾ ಊರಿನ ಸರೋಜಾ ಆಂಟಿ ಮನೆಗೆ ಬಂದವರೇ ‘ಯಾವ ಮಠದ ಸ್ವಾಮಿಗಳಮ್ಮ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಗಾಜಿನ ಮೇಲೆ ಕುಂಕುಮ ಹಚ್ಚಿದರು.

‘ಆಂಟಿ, ಅವರು ಆಕಳಿಸ್ತಿದಾರೆ’ ಅಂದೆ.

‘ಛೆ, ಬಿಡ್ತು ಅನ್ನು! ಮಂತ್ರ ಹೇಳ್ತಿದಾರೆ ಕಣಮ್ಮ.’

ಆಂಟಿಯ ತಪ್ಪಿಲ್ಲ. ನಮ್ಮ ಜನಕ್ಕೆ ನಿದ್ದೆ ಒಂದು ನಡತೆಗೇಡು. ಇಲ್ಲಿ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ಜಂಬ ಒಂದೇ: ‘ನಾನು ಮಲಗಿದ್ದೇ ನಾಲ್ಕು ಗಂಟೆ.’ ‘ಅಷ್ಟೊಂದಾ?’ ಎನ್ನುವವರು ಮುಂದಿನವರು. ಈ ಪಂದ್ಯದಲ್ಲಿ ನಸೀಮಾಳನ್ನು ಸೋಲಿಸಿದವರಿಲ್ಲ. ರಾತ್ರಿಪಾಳಿ ಮುಗಿಸಿ, ಸಮವಸ್ತ್ರದ ಮೇಲೆ ಒಂದು ದುಪಟ್ಟಾ ಎಳೆದುಕೊಂಡು ನೇರ ಸೀಮಂತಕ್ಕೋ ನಾಮಕರಣಕ್ಕೋ ಬರುತ್ತಾಳೆ. ‘ನೋಡಿ ಕಲೀರಿ’ ಎಂದು ಆಂಟಿ ನಮಗೆಲ್ಲ ತೋರಿಸುತ್ತಾರೆ.

ಹೋದ ತಿಂಗಳು ಹಾಗೆ ಪಾಳಿ ಮುಗಿಸಿ ಬಂದವಳ ಜೊತೆ ಆಂಟಿಯ ಸೊಸೆಯ ಸೀಮಂತಕ್ಕೆ ಹೊರಟಾಗ, ಕಾರು ನಾನು ಓಡಿಸುತ್ತೇನೆ ಅಂದೆ.

‘ಬ್ಯಾಡ್ರಿ ಅಕ್ಕಾ,’ ಅಂದಳು ನಸೀಮಾ. ‘ನೀವು ಗಾಡಿ ಹೊಡಿಯೋದು ನೋಡಿದ್ರನ ನನಗ ನಿದ್ದಿ ಬರ್ತದ.’

ಮೋಟಾರುದಾರಿಯಲ್ಲಿ ಬಿಸಿಲು ಹಿತವಾಗಿತ್ತು. ನಾನು ಸೀಮಂತದ ಚಕ್ಕುಲಿಯ ಬಗ್ಗೆ ಮಾತಾಡುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು. ಹೂಂ ನಿಂತಿತು. ಚಕ್ರದಡಿ ರಸ್ತೆಯಂಚಿನ ಉಬ್ಬುಗೆರೆ ಘರ್ರ್ ಎಂದಿತು. ಎದುರಿಗೆ ರಸ್ತೆಬದಿಯಲ್ಲಿ ನಿಂತಿದ್ದ ಹಾಲಿನ ಟ್ಯಾಂಕರು ದೊಡ್ಡದಾಗುತ್ತ ಬಂತು. ಹಾಲಿನ ಕಂಪನಿಯ ಪ್ರಯೋಗಾಲಯದಲ್ಲಿ ಅನ್ನ ಸಂಪಾದಿಸುವ ನಾನು ಹಾಲಿನ ಟ್ಯಾಂಕರಿಗೇ ಸಿಕ್ಕು ಸಾಯುತ್ತಿದ್ದೇನೆ ಎಂಬ ಘನವಾದ ವಿಚಾರ ಆಗ ಹೊಳೆಯಿತು. ನಂತರ ಕಿರುಚಿದೆ. ನಸೀಮಾ ಸ್ಟಿಯರಿಂಗ್ ತಿರುಗಿಸಿದಳು. ಟ್ಯಾಂಕರಿನ ಉಕ್ಕು ನನ್ನ ಕಿಟಕಿಯ ಪಕ್ಕದಲ್ಲೇ ಹರಿದುಹೋಯಿತು.

ಮುಂದೆ ಕಾರು ನಿಲ್ಲಿಸಿ, ‘ನಾ ಕಣ್ಣ ಮುಚ್ಚಿದ್ದಿಲ್ರಿ ಅಕ್ಕಾ’ ಅಂದಳು. ಉಳಿದ ದಾರಿ ನಾನೇ ಓಡಿಸಿದೆ, ಎತ್ತಿನಗಾಡಿಯ ವೇಗದಲ್ಲಿ.

ಸೀಮಂತದ ಮನೆಯಲ್ಲಿ ವಿಷಯ ಹೇಳಿದೆ. ‘ಅಲ್ಲಿ ಯಾಕೆ ನಿಲ್ಲಿಸಿದ್ನೋ ಆ ಟ್ಯಾಂಕರಿನವನು!’ ಎಂದು ಆಂಟಿ ಬೈದರು. ‘ಇಷ್ಟಾದ್ರೂ ಬಂದಳಲ್ಲ ನಮ್ಮ ನಸೀಮಾ’ ಎಂದು ಅವಳಿಗೆ ಇನ್ನೊಂದು ಲೋಟ ಕಾಫಿ ಕೊಟ್ಟರು. ನನಗೆ ಮಾತ್ರ ಆ ಟ್ಯಾಂಕರು ಈಗಲೂ ಬರುತ್ತದೆ. ಪಾತ್ರೆ ತೊಳೆಯುವಾಗ ಬರುತ್ತದೆ. ಪ್ರಯೋಗಾಲಯದಲ್ಲಿ ಹಾಲಿನ ಸ್ಯಾಂಪಲ್ ಎತ್ತಿದರೆ ಬರುತ್ತದೆ.

ಮೊನ್ನೆ ಶನಿವಾರ ಬೆಳಿಗ್ಗೆ ನಸೀಮಾ ಮತ್ತೆ ಬಾಗಿಲಲ್ಲಿ. ಅದೇ ಸಮವಸ್ತ್ರ, ಅದೇ ದುಪಟ್ಟಾ, ಮುಷ್ಟಿಯಲ್ಲಿ ಕಾರಿನ ಕೀಲಿ. ಆಂಟಿಯ ಮನೆಯಲ್ಲಿ ಯಾರದೋ ಹುಟ್ಟುಹಬ್ಬ.

ರೆಪ್ಪೆ ನೋಡಿದೆ. ಒಳಗಿನಿಂದ ಯಾರೋ ಬಾಗಿಲು ಎಳೆದುಕೊಳ್ಳುತ್ತಿರುವಂತಿತ್ತು.

‘ಚಾ ಕುಡಿದು ಹೋಗೋಣ, ಕೂತ್ಕೋ’ ಅಂದೆ.

ಅವಳು ಸೋಫಾದಲ್ಲಿ ಕೂತು ದರುಮನನ್ನು ದಿಟ್ಟಿಸಿದಳು. ‘ನಿಮ್ಮ ಈ ಗಡ್ಡದ ಅಜ್ಜಗ ಬ್ಯಾರೆ ಕೆಲಸ ಇಲ್ಲೇನ್ರಿ? ಯಾವಾಗ ನೋಡಿದ್ರೂ ಬಾಯಿ ತಕ್ಕೊಂಡ...’ ಎನ್ನುತ್ತಿದ್ದವಳ ಬಾಯಿಯೇ ತೆರೆಯಿತು. ಅವಳನ್ನು ನೋಡಿ ನಾನೂ ಆಕಳಿಸಿದೆ. ಗೋಡೆಯ ಮೇಲೊಬ್ಬ, ಕೆಳಗಿಬ್ಬರು. ನಾನು ಚಹಾ ಸೋಸಿ ತರುವಷ್ಟರಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಕೂತಲ್ಲೇ ಅವಳ ಗೊರಕೆ ಶುರುವಾಗಿತ್ತು. ಮುಷ್ಟಿಯಿಂದ ಕೀಲಿ ಮೆಲ್ಲಗೆ ಬಿಡಿಸಿಕೊಂಡೆ.

ಆಂಟಿಯ ಫೋನು ಬಂತು. ‘ಎಲ್ಲಿದೀರಮ್ಮ ಇಬ್ಬರೂ? ನಸೀಮಾ ಏನು ಮಾಡ್ತಿದಾಳೆ?’

ಮಲಗಿದ್ದಾಳೆ ಅಂದರೆ ಎಬ್ಬಿಸು ಎನ್ನುತ್ತಾರೆ. ‘ಧ್ಯಾನಕ್ಕೆ ಕೂತಿದಾಳೆ, ಆಂಟಿ’ ಅಂದೆ.

ಆಂಟಿಯ ದನಿ ತಟ್ಟನೆ ತಗ್ಗಿತು. ‘ಹೌದಾ? ಹಾಗಾದ್ರೆ ತೊಂದರೆ ಕೊಡಬೇಡ ಕಣಮ್ಮ. ಎಷ್ಟು ಹೊತ್ತಾದ್ರೂ ಆಗಲಿ.’

ಅವಳ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. ಎದ್ದು ಹೋಗಿ ಪರದೆ ಎಳೆದೆ. ಕೋಣೆ ಕತ್ತಲಾಯಿತು. ಪಾಪ, ರೆಪ್ಪೆಯಿಲ್ಲದ ಅವನಿಗೂ ಸ್ವಲ್ಪ ಆರಾಮವಾಗಿರಬೇಕು.